ತೊಂಬತ್ನಾಲ್ಕು ಮನೆಯ ಹಾಲು

ದೊಡ್ಡಸಿದ್ದಯ್ಯ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ಆತಗೂರು ಹೋಬಳಿಯ ಆ ಸಣ್ಣ ಊರಿನಲ್ಲಿ ಅವನು ಟೆಸ್ಟರ್ ಸಿದ್ದಣ್ಣ. ಊರಿನ ಹಾಲಿನ ಡೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಜನ ತಂದ ಹಾಲನ್ನು ಪರೀಕ್ಷಿಸಿ ಇದು ಕ್ಯಾನಿಗೆ, ಇದು ವಾಪಸು ಎಂದು ಹೇಳುವುದು ಅವನ ಕೆಲಸ. ವಯಸ್ಸು ಐವತ್ತಾರು. ಕುಳ್ಳಗೆ ಗಟ್ಟಿ ಆಳು. ಮಾತು ಮಾತ್ರ ಆಳಿಗಿಂತ ಗಟ್ಟಿ.

ಡೇರಿಯಲ್ಲಿ ಒಂದು ಮಷಿನ್ ಇದೆ. ಒಂದು ಚಮಚ ಹಾಲು ಕೊಟ್ಟರೆ ಅದರಲ್ಲಿ ಕೊಬ್ಬು ಎಷ್ಟು, ನೀರು ಬೆರೆತಿದೆಯೇ ಎಂದು ನಿಮಿಷದಲ್ಲಿ ಹೇಳುತ್ತದೆ. ಕರೆಂಟು ಹೋದರೆ ಲ್ಯಾಕ್ಟೋಮೀಟರ್ ಇದೆ. ಗಾಜಿನ ಕಡ್ಡಿಯಂಥ ಅದನ್ನು ಹಾಲಿನಲ್ಲಿ ತೇಲಿಬಿಟ್ಟರೆ ಒಳ್ಳೆಯ ಹಸುವಿನ ಹಾಲಿನಲ್ಲಿ ಅಂಕಿ ಇಪ್ಪತ್ತೆಂಟರ ಮೇಲೆ ನಿಲ್ಲುತ್ತದೆ, ನೀರು ಬೆರೆತದ್ದರಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಆದರೆ ಹಾಲು ಹುಳಿಯಾಗತೊಡಗಿದೆಯೇ ಎಂಬುದನ್ನು ಇವೆರಡೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಒಬ್ಬರ ಎರಡು ಲೀಟರ್ ಹುಳಿ ಹಾಲು ನಲವತ್ತು ಲೀಟರಿನ ಕ್ಯಾನನ್ನು ಕೆಡಿಸಿಬಿಡುತ್ತದೆ. ಅದಕ್ಕೆ ಸಿದ್ದಣ್ಣ ಉದ್ದ ಹಿಡಿಯ ಸ್ಟೀಲ್ ಚಮಚದಿಂದ ಅರ್ಧ ಚಮಚ ಹಾಲನ್ನು ಅಂಗೈಗೆ ಬಿಟ್ಟುಕೊಂಡು ನಾಲಿಗೆಯಿಂದ ಎಳೆದುಕೊಳ್ಳುತ್ತಾನೆ. ಒಂದು ಕ್ಷಣ ಬಾಯಲ್ಲಿಟ್ಟು ನುಂಗುತ್ತಾನೆ. ಉಗಿಯುವುದಿಲ್ಲ. ಹಾಲನ್ನು ಉಗಿಯುವವರು ಆ ಸೀಮೆಯಲ್ಲಿ ಯಾರೂ ಇಲ್ಲ, ಅದು ಅನ್ನವನ್ನು ತುಳಿದಂತೆ. ಅವನಿಗೆ ಕೆಲಸ ಕಲಿಸಿದ ಹಳೆಯ ಟೆಸ್ಟರ್ ಕೂಡ ಹೀಗೆಯೇ ನುಂಗುತ್ತಿದ್ದ.

ಇಷ್ಟು ವರ್ಷದಲ್ಲಿ ಅವನು ಒಂದು ರೀಡಿಂಗನ್ನೂ ಸುಳ್ಳು ಬರೆದದ್ದಿಲ್ಲ. ಒಂದು ಸಲ ಹೆಂಡತಿ ಸಣ್ಣತಾಯಮ್ಮ ತಂದ ಹಾಲೇ ಇಪ್ಪತ್ತಾರಕ್ಕೆ ನಿಂತಿತು. ಅವನು ಕ್ಯೂನಲ್ಲಿ ಎಲ್ಲರೆದುರೇ ‘ವಾಪಸ್’ ಅಂದ. ಆಕೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮುದ್ದೆ ಬಡಿಸುತ್ತಾ, “ಹುಲ್ಲು ಬದಲಾಯ್ಸಿದ್ದೆ ಕಣ, ನೀರ್ ಬೆರ್ಸಿರ್ನಿಲ್ಲ” ಅಂದಳು. “ಇರ್ಬೋದು, ಕಡ್ಡಿಗೆ ನಿನ್ ಹುಲ್ಲಿನ್ ಕತೆ ಗೊತ್ತಿಲ್ವಲ್ಲ” ಅಂದ ಅವನು. ಊರಿನಲ್ಲಿ ಆ ಮಾತನ್ನು ಇವತ್ತಿಗೂ ಹೇಳುತ್ತಾರೆ, ಅರ್ಧ ಗೌರವದಿಂದ, ಅರ್ಧ ಕೋಪದಿಂದ.

ತುಂಬಿದ ಕ್ಯಾನು ಎತ್ತಿ ಎತ್ತಿ ಅವನ ಬಲ ತೊಡೆಯ ಸಂದಿಯಲ್ಲಿ ಒಂದು ಗಂಟು ಬಂದಿತ್ತು. ಕೆಮ್ಮಿದರೆ ಕೋಳಿಮೊಟ್ಟೆಯಷ್ಟು ಉಬ್ಬಿ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಜಾಗ ಅಂಥದ್ದಾದ್ದರಿಂದ ಒಂದು ವರ್ಷ ಹೆಂಡತಿಗೂ ಹೇಳಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, “ಹರ್ನಿಯಾ. ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಬರುತ್ತೆ. ಆಪರೇಷನ್ ಆಗಲೇಬೇಕು” ಅಂದರು. ಹಿಂದೆ ಒಮ್ಮೆ ಎತ್ತಿನಗಾಡಿಯಿಂದ ಬಿದ್ದು ಅವನ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಬೆನ್ನಿಗೆ ಸೂಜಿ ಕೊಡುವ ಹಾಗಿರಲಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಿತ್ತು.

ಆಪರೇಷನ್ನಿಗೆ ಮೂರು ದಿನ ಮುಂಚೆ ಅರಿವಳಿಕೆಯ ಡಾಕ್ಟರು ಅವನನ್ನು ಕರೆಸಿ ಮಾತಾಡಿದರು. ಸುನಿತಾ ಎಂದು ಹೆಸರು, ಮಳವಳ್ಳಿ ಕಡೆಯವರು. ಅವಸರವಿಲ್ಲದೆ ಮಾತಾಡುವ ಹೆಂಗಸು.

“ಆಪರೇಷನ್ನು ಗುರುವಾರ ಹನ್ನೊಂದೂವರೆಗೆ. ಹಿಂದಿನ ರಾತ್ರಿ ಊಟ ಮಾಡಿ. ಬೆಳಿಗ್ಗೆ ತಿಂಡಿ ಏನೂ ಬೇಡ.”

“ಯಾಕ್ ಮೇಡಂ?” ಸಿದ್ದಣ್ಣನಿಗೆ ಕಾರಣ ಬೇಕು.

“ನಿದ್ದೆ ಬರೋ ಔಷಧಿ ಕೊಟ್ಟಾಗ ನೀವು ಮಾತ್ರ ಮಲಗಲ್ಲ, ಗಂಟಲೂ ಮಲಗುತ್ತೆ. ಕೆಮ್ಮಲ್ಲ, ನುಂಗಲ್ಲ. ಹೊಟ್ಟೇಲಿ ಏನಾದ್ರೂ ಇದ್ದು ಮೇಲಕ್ಕೆ ಬಂದ್ರೆ ತಡೆಯೋರು ಇರಲ್ಲ. ನೇರ ಶ್ವಾಸಕೋಶಕ್ಕೆ ಇಳಿಯುತ್ತೆ. ಅದರಿಂದ ಜನ ಸತ್ತಿದ್ದಾರೆ.”

“ಅಂಗಾರೆ ನೀರೂ ಕುಡೀಬಾರ್ದಾ?”

“ನೀರು ಕುಡೀಬಹುದು, ಬರೀ ನೀರು, ಒಂಬತ್ತೂವರೆವರೆಗೆ. ನೀರು ಹೊಟ್ಟೆಯಿಂದ ಬೇಗ ಜಾರಿಬಿಡುತ್ತೆ, ಎರಡು ಗಂಟೆ ಸಾಕು. ಬೇಸಿಗೆ, ಬಾಯಿ ಒಣಗಿಸಿಕೊಂಡು ಬರಬೇಡಿ. ಆದ್ರೆ ಹಾಲು, ಹಾಲು ಹಾಕಿದ ಕಾಫಿ, ಟೀ, ಮಜ್ಜಿಗೆ ಇವೆಲ್ಲ ನೀರಲ್ಲ. ಊಟಕ್ಕೆ ಸಮ. ಅದಕ್ಕೆ ಆರು ಗಂಟೆ ಬೇಕು.”

ಸಿದ್ದಣ್ಣ ನಕ್ಕ. “ಆಲಿನ ಇಸ್ಯ ನಂಗೆ ಯೋಳ್ಬೇಡಿ ಮೇಡಂ. ಉಳಿ ತಾಕುದ್ರೆ ಆಲು ಒಡೀತದೆ. ಒಟ್ಟೇಲಿರೋದೂ ಉಳೀನೇ. ಒಳೀಕ್ ಓದ್ ಮೇಲೆ ಗಟ್ಟಿಯಾಗ್ದೆ ಇನ್ನೇನಾದದು?”

“ನಮ್ಮ ಹುಡುಗ ಡಾಕ್ಟರುಗಳಿಗೂ ಇಷ್ಟು ಬೇಗ ತಲೆಗೆ ಹೋಗಲ್ಲ” ಅಂದರು ಸುನಿತಾ.

ಆ ಮಾತನ್ನು ಅವನು ಬಸ್ಸಿನಲ್ಲಿ ಮದ್ದೂರಿನವರೆಗೂ ಮನಸ್ಸಿನಲ್ಲೇ ಚಪ್ಪರಿಸಿದ. ಮನೆಗೆ ಬಂದು ಹೆಂಡತಿಗೆ ಪಾಠ ಮಾಡಿದ. ಬಿಳಿ ಕಾಗದದ ಮೇಲೆ ಮೂರು ಸಾಲು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ: ಊಟ ರಾತ್ರಿ ಎಂಟೂವರೆ, ಹಾಲು ಬೇಡ, ನೀರು ಒಂಬತ್ತೂವರೆವರೆಗೆ.

ಬುಧವಾರ ರಾತ್ರಿ ಎಂಟೂವರೆಗೆ ಸರಿಯಾಗಿ ಮುದ್ದೆ ಉಂಡ. ಗುರುವಾರ ಬೆಳಗಿನ ಐದಕ್ಕೆ ಸಣ್ಣತಾಯಮ್ಮ ರೂಢಿಯಂತೆ ಕಾಫಿಗೆ ಪಾತ್ರೆ ಇಟ್ಟಳು.

“ಏನಮ್ಮಿ ಅದು?”

“ನಂಗೆ ಕಣ, ನಿಂಗಲ್ಲ.”

“ನನ್ನೆದ್ರುಗೆ ಕುಡೀಬೇಡ. ಆ ವಾಸ್ನೆಗೇ ಒಟ್ಟೆ ಕೂಗ್ತದೆ. ಒಂದಿನ ಬುಟ್ರೆ ಸಾಯಲ್ಲ.”

ಸಣ್ಣತಾಯಮ್ಮ ಒಲೆ ಆರಿಸಿದಳು. “ಆಯ್ತು ಬುಡು. ನೀನು ಉಣ್ಣೋಗಂಟ ನಾನೂ ಉಣ್ಣಲ್ಲ” ಅಂದಳು. ಅವಳು ಹಾಗೆ ಅಂದದ್ದನ್ನು ಅವನು ಕೇಳಿಸಿಕೊಂಡನೋ ಇಲ್ಲವೋ.

ಆ ಬೆಳಿಗ್ಗೆ ಡೇರಿಗೆ ಹೋಗುವ ಯೋಚನೆ ಅವನಿಗಿರಲಿಲ್ಲ. ಮಹದೇವು ಎಂಬ ಅವನ ಕೈಕೆಳಗಿನವನಿಗೆ ಮೂರು ದಿನದ ಕೆಲಸ ವಹಿಸಿ ಆಗಿತ್ತು. ಆದರೆ ಐದೂವರೆಗೆ ಇಡೀ ಊರಿನ ಕರೆಂಟು ಹೋಯಿತು. ಹತ್ತು ನಿಮಿಷಕ್ಕೆ ಮಹದೇವುವಿನ ಫೋನು.

“ಅಣ್ಣೋ, ಮಷಿನ್ನು ಸತ್ತೋಯ್ತು. ಬ್ಯಾಟ್ರಿನೂ ಇಲ್ಲ. ಕಡ್ಡಿ ಇಡ್ದು ಒಂದೊಂದಾಗಿ ನೋಡೋ ಒತ್ಗೆ ಮದ್ಯಾನ ಆಯ್ತದೆ. ಜನ ಬಾಯಿಗ್ ಬಂದಂಗೆ ಬೈತಾವ್ರೆ.”

“ಉಳಿ ನೋಡೋದು ಯಾರ್ಲಾ?”

“ಅದ್ಕೇ ಫೋನ್ ಮಾಡಿದ್ದು. ನಂಗೆ ನಿನ್ನಂಗೆ ನಾಲ್ಗೇಲಿ ಗೊತ್ತಾಗಲ್ಲ ಕಣಣ್ಣ.”

ಏಪ್ರಿಲ್ ತಿಂಗಳು, ರಾತ್ರಿಯೆಲ್ಲ ಸೆಕೆ. ಹಾಲು ಕೆಡುವುದು ಇಂಥ ದಿನವೇ. ಸಿದ್ದಣ್ಣ ಪಂಚೆ ಬಿಗಿದು ಹೊರಟ. “ಎಲ್ಗ್ ಓಯ್ತೀಯ? ಏಳೂ ನಲವತ್ತಕ್ಕೆ ಬಸ್ಸು” ಎಂದು ಸಣ್ಣತಾಯಮ್ಮ ಹಿಂದಿನಿಂದ ಕೂಗಿದಳು. “ಗೊತ್ತು ಕಣೆ, ಇಲ್ಲೇ ಓಗಿ ಬತ್ತೀನಿ” ಅಂದ.

ಮೊಬೈಲಿನ ಬೆಳಕಿನಲ್ಲಿ ಅವನು ಕೆಲಸ ಶುರು ಮಾಡಿದ. ಮಹದೇವು ಕಡ್ಡಿ ತೇಲಿಬಿಟ್ಟು ಅಂಕಿ ಕೂಗುವನು, ಸಿದ್ದಣ್ಣ ಅಂಗೈಗೆ ಹಾಲು ಬಿಟ್ಟುಕೊಂಡು ನಾಲಿಗೆ ತಾಗಿಸುವನು, ‘ಊಂ’ ಅನ್ನುವನು, ಹಾಲು ಕ್ಯಾನಿಗೆ. ಮಷಿನ್ ಇದ್ದ ದಿನ ಅನುಮಾನ ಬಂದವರದ್ದನ್ನು ಮಾತ್ರ ನೋಡುತ್ತಿದ್ದ, ಹತ್ತೋ ಹನ್ನೆರಡೋ. ಅವತ್ತು ಯಾರನ್ನೂ ಬಿಡಲಿಲ್ಲ. ಬಿಟ್ಟು ಕ್ಯಾನು ಕೆಟ್ಟರೆ, ಸಿದ್ದಣ್ಣ ಆಪರೇಷನ್ ಗುಂಗಿನಲ್ಲಿ ಸರಿಯಾಗಿ ನೋಡಲಿಲ್ಲ ಅನ್ನುತ್ತಾರಲ್ಲ! ಚಿಕ್ಕಬೋರಮ್ಮನ ಹಾಲು ಮಾತ್ರ ಹುಳಿ ಬಂದಿತ್ತು. ಅವಳು ಗೊಣಗುತ್ತಾ ಪಕ್ಕಕ್ಕೆ ಹೋದಳು.

ಆರೂಮುಕ್ಕಾಲಕ್ಕೆ ದೇವಿರಮ್ಮ ಬಂದಳು. ಕಬ್ಬಿನ ಗದ್ದೆಗಳಲ್ಲಿ ಕಳೆ ಕೀಳಲು ಹೋಗುವವಳು, ಮನೆಯಲ್ಲಿ ಇರುವುದು ಒಂದೇ ಹಸು. ಎರಡು ಲೀಟರಿನ ಸ್ಟೀಲ್ ಕ್ಯಾನನ್ನು ಮುಂದಿಟ್ಟಳು. ಮಹದೇವು ಕಡ್ಡಿ ಬಿಟ್ಟ.

“ಇಪ್ಪತ್ನಾಲ್ಕು.”

ಸಿದ್ದಣ್ಣ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದ. ಹುಳಿ ಇರಲಿಲ್ಲ. ತೆಳ್ಳಗಿತ್ತು.

“ಏನಮ್ಮೋ ದೇವಿರಿ, ನೀರು ನಮ್ಮನೆ ನಲ್ಲೀಲೂ ಬತ್ತದೆ ಕಣಮ್ಮ. ನಿನ್ ಅಸೀನ್ ಕೈಲಿ ಕೊಡ್ಸೋದ್ ಬೇಡ.”

ಕ್ಯೂನಲ್ಲಿ ಒಂದಿಬ್ಬರು ಕಿಸಕ್ಕೆಂದರು.

“ಇಲ್ಲ ಕಣಣ್ಣ. ರಾತ್ರಿ ಮಗ್ಳು ಕ್ಯಾನ್ ತೊಳ್ದು ನೀರು ಅಂಗೇ ಬುಟ್ಟಿದ್ಲು. ಕರೆಂಟಿರ್ನಿಲ್ಲ, ಕಾಣ್ನಿಲ್ಲ. ಅದ್ರೊಳೀಕೇ ಆಲ್ ಕರ್ದ್ಬುಟ್ಟೆ. ಚಲ್ಬೇಕು ಅಂತಿದ್ದೆ, ಮರ್ತೋಯ್ತು.”

“ಮರ್ತೋಯ್ತು! ಇಪ್ಪತ್ತೇಳು ವರ್ಸದಲ್ಲಿ ನೀರ್ ಬೆರ್ಸಿದೋರು ಎಲ್ರೂ ಯೋಳಿರೋದು ಇದೊಂದೇ ಮಾತು ಕಣಮ್ಮ. ಬೇಕಂತ ಬೆರೆಸ್ದೆ ಅಂತ ಒಬ್ರೂ ಯೋಳಿಲ್ಲ ನೋಡು. ತಗೊಂಡೋಗು, ಮನೇಲಿ ಪಾಯ್ಸ ಮಾಡು.”

ಈ ಸಲ ಕ್ಯೂ ಪೂರ್ತಿ ನಕ್ಕಿತು. ದೇವಿರಮ್ಮ ಸೆರಗನ್ನು ಕ್ಯಾನಿನ ಮೇಲೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ನಡೆದುಹೋದಳು. ಸಿದ್ದಣ್ಣ ಮುಂದಿನ ಹಾಲಿಗೆ ಕೈ ನೀಡಿದ.

ಏಳೂ ಹತ್ತಕ್ಕೆ ಕೊನೆಯ ಹಾಲು. ಮಹದೇವು ಪಟ್ಟಿ ನೋಡಿ, ವಾಪಸಾದದ್ದೂ ಸೇರಿ ತೊಂಬತ್ನಾಲ್ಕು ಮನೆ ಅಂದ. ಸಿದ್ದಣ್ಣ ಓಡುತ್ತಾ ಮನೆಗೆ ಬಂದು, ಕೈಕಾಲು ತೊಳೆದು, ಕಾಗದದಲ್ಲಿ ಬರೆದಂತೆ ಒಂದು ಲೋಟ ನೀರು ಕುಡಿದು ಬಸ್ಸು ಹತ್ತಿದ.

ಒಂಬತ್ತಕ್ಕೆ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು, “ಏನಾದ್ರೂ ತಿಂದಿದ್ದೀರಾ, ಕುಡಿದಿದ್ದೀರಾ?”

“ರಾತ್ರಿ ಎಂಟೂವರೆಗೆ ಊಟ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಒಂದು ಲೋಟ ನೀರು. ಬೇರೆ ಏನೂ ಇಲ್ಲ.”

“ಎಲ್ಲರೂ ನಿಮ್ಮ ಹಾಗೆ ಗಂಟೆ ನಿಮಿಷ ಹೇಳಿದ್ರೆ ನಮ್ಮ ಕೆಲಸ ಎಷ್ಟು ಸುಲಭ” ಅಂದಳು ನರ್ಸ್. ಪಕ್ಕದ ಮಂಚದ ಮುದುಕನಿಗೆ, “ನೋಡಿ ತಾತ, ಹೀಗೆ ಹೇಳಬೇಕು” ಎಂದು ಇವನನ್ನೇ ತೋರಿಸಿದಳು.

ಅವನು ಸುಳ್ಳು ಹೇಳಿರಲಿಲ್ಲ. ಇದನ್ನು ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಬೆಳಿಗ್ಗೆ ತಾನು ಹಾಲು ಕುಡಿದೆ ಎಂಬುದು ಅವನ ತಲೆಯಲ್ಲಿ ಇರಲೇ ಇಲ್ಲ. ಕುಡಿಯುವುದೆಂದರೆ ಲೋಟ, ಕೂತುಕೊಳ್ಳುವುದು, ಹೆಂಡತಿ ಕೊಡುವುದು. ಡೇರಿಯಲ್ಲಿ ಅವನು ಮಾಡಿದ್ದು ಕೆಲಸ. ಮದುವೆಮನೆಯ ಅಡುಗೆಯವನು ಉಪ್ಪು ನೋಡಿದ್ದನ್ನು ಊಟ ಅನ್ನುತ್ತಾನೆಯೇ?

ಹನ್ನೊಂದಕ್ಕೆ ಹಸಿರು ಅಂಗಿ ಹಾಕಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ಆಪರೇಷನ್ ಕೊಠಡಿಯ ಹೊರಗಿನ ಹಜಾರದಲ್ಲಿ ಅವನು ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದ. ಆಗ ಒಂದು ತೇಗು ಬಂತು. ಸಣ್ಣದು. ಬಾಯಿಗೆ ಒಡೆದ ಹಾಲಿನ ರುಚಿ ಬಂತು.

ಆ ರುಚಿ ಯಾವುದೆಂದು ಪ್ರಪಂಚದಲ್ಲಿ ಯಾರಿಗಾದರೂ ಗೊತ್ತಾಗಬೇಕಿದ್ದರೆ ಅದು ಅವನ ನಾಲಿಗೆಗೇ ಗೊತ್ತಾಗಬೇಕಿತ್ತು. ಗೊತ್ತಾಯಿತು.

ಮೊದಲು ಬಂದದ್ದು ಭಯ ಅಲ್ಲ, ಲೆಕ್ಕ. ಅರ್ಧ ಚಮಚ ಎಂದರೆ ಎರಡೂವರೆ ಮಿಲಿಲೀಟರ್. ತೊಂಬತ್ನಾಲ್ಕು ಸಲ. ಇನ್ನೂರ ಮೂವತ್ತೈದು. ಕಾಲು ಲೀಟರಿಗೆ ಹದಿನೈದೇ ಕಡಿಮೆ. ಕೊನೆಯದು ಏಳೂ ಹತ್ತಕ್ಕೆ. ಈಗ ಹನ್ನೊಂದು ದಾಟಿದೆ. ನಾಲ್ಕು ಗಂಟೆ. ಆರು ಬೇಕು ಅಂದಿದ್ದರು.

ಕೂಡಲೇ ಹೇಳಬೇಕಿತ್ತು. ಬಾಯಿ ತೆರೆದ. ಏನೆಂದು ಹೇಳುವುದು? ಹಾಲಿನ ವಿಷಯ ನನಗೆ ಹೇಳಬೇಡಿ ಎಂದು ಡಾಕ್ಟರಿಗೇ ಹೇಳಿದ್ದವನು. ಹೆಂಡತಿಯ ಕಾಫಿ ತಪ್ಪಿಸಿದವನು. ಪಕ್ಕದ ಮುದುಕನಿಗೆ ಮಾದರಿಯಾದವನು. ಹೇಳಲು ಇದ್ದದ್ದು ಒಂದೇ ಮಾತು, ‘ಮರ್ತೋಯ್ತು.’ ಬೆಳಿಗ್ಗೆ ಆ ಮಾತನ್ನು ಇಡೀ ಕ್ಯೂನ ಮುಂದೆ ಹಿಡಿದು ಅಲ್ಲಾಡಿಸಿ ನಗಿಸಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ದೇವಿರಮ್ಮ ನಿಜವನ್ನೇ ಹೇಳಿದ್ದಿರಬಹುದು ಎಂಬುದು ಆಗ ಮೊದಲ ಸಲ ಅವನಿಗೆ ಹೊಳೆಯಿತು.

ಪಕ್ಕದಲ್ಲಿ ಹೋಗುತ್ತಿದ್ದ ನರ್ಸನ್ನು ಕರೆದ. “ಸಿಸ್ಟ್ರೇ, ಯಾರಾನ ಒಂಚೂರು ಆಲು ಕುಡ್ಕೊಂಡ್ ಬಂದ್ಬುಟ್ರೆ ಏನ್ ಮಾಡ್ತೀರಿ?”

“ಯಾರು ಕುಡಿದ್ರು?”

“ಯಾರೂ ಇಲ್ಲ. ಸುಮ್ಕೆ ಕೇಳ್ದೆ.”

“ಬೈದು ವಾಪಸ್ ಕಳಿಸ್ತೀವಿ” ಎಂದು ನಗುತ್ತಾ ಹೋದಳು.

ವಾಪಸ್. ಅವನು ಮತ್ತೆ ಫ್ಯಾನು ನೋಡಿದ. ಕಾಲು ಲೀಟರ್ ಏನು ಮಹಾ? ಒಂದೇ ಸಲ ಕುಡಿದದ್ದಲ್ಲ, ಮೊದಲ ಗುಟುಕು ಐದೂ ಐವತ್ತಕ್ಕೇ ಒಳಗೆ ಹೋಗಿದೆ, ಅದರ ಆರು ಗಂಟೆ ಹತ್ತಿರ ಹತ್ತಿರ ಆಯಿತು. ಹೀಗೆ ತನಗೆ ತಾನೇ ವಕೀಲನಾಗಿ ವಾದಿಸಿದ. ವಾದಿಸುತ್ತಿರುವಾಗಲೇ ಇನ್ನೊಂದು ತೇಗು ಬಂತು.

ಒಳಗೆ ಒಯ್ದರು. ಚಳಿ. ತಲೆಯ ಮೇಲೆ ದೊಡ್ಡ ದೀಪ. ಸುನಿತಾ ಮೇಡಂ ಮುಖಕ್ಕೆ ಬಟ್ಟೆ ಕಟ್ಟಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು. “ಹೇಗಿದ್ದೀರಿ ಸಿದ್ದಯ್ಯನವರೇ? ಇನ್ನೊಂದು ಸಲ ಕೇಳ್ತೀನಿ, ಅದು ನಮ್ಮ ಪದ್ಧತಿ. ಕೊನೆಗೆ ಬಾಯಿಗೆ ಹೋಗಿದ್ದು ಏನು?”

“ನೀರು.”

“ಎಷ್ಟು ಹೊತ್ತಿಗೆ?”

“ಏಳೂ ಇಪ್ಪತ್ತು.”

ಈ ಸಲ ಅದು ಸುಳ್ಳು. ಕೊನೆಯದು ನೀರೇ ಹೌದು, ಆದರೂ ಸುಳ್ಳು. ಅವರು ಒಪ್ಪಿ, ಕೈಯಲ್ಲಿದ್ದ ಹಾಳೆಯ ಮೇಲೆ ಬರೆದುಕೊಂಡರು. ಪೆನ್ನಿನ ಸದ್ದು ಅವನಿಗೆ ಕೇಳಿಸಿತು. ಗಂಟೆ, ನಿಮಿಷ, ನೀರು. ಒಂದು ರೀಡಿಂಗ್. ತಾನು ಕೊಟ್ಟ ರೀಡಿಂಗ್ ಮೇಲೆ ಭರವಸೆ ಇಟ್ಟು ಇಷ್ಟು ಜನ ಸುತ್ತ ನಿಂತಿದ್ದಾರೆ. ಇದುವರೆಗೆ ಅವನ ಬಾಯಿಂದ ಬಂದ ಒಂದು ತಪ್ಪು ಅಂಕಿಯೂ ಯಾವ ಹಾಳೆಯ ಮೇಲೂ ಕೂತಿರಲಿಲ್ಲ.

“ಮೇಡಂ, ಅದುನ್ನ ಒಡೀರಿ.”

“ಏನು?”

“ಬರ್ದುದ್ನ ಒಡೆದಾಕಿ. ಆಲು ಅಂತ ಬರ್ಕಳಿ.” ಅವನ ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು. “ಇನ್ನೂರ ಮೂವತ್ತೈದು ಎಮ್ಮೆಲ್ಲು. ಕೊನೇದು ಏಳೂ ಅತ್ತಕ್ಕೆ.”

ಸುನಿತಾ ಪೆನ್ನು ಕೆಳಗಿಟ್ಟರು. ಕೊಠಡಿಯಲ್ಲಿ ಎಲ್ಲರೂ ತಿರುಗಿದರು. ಅವನು ಡೇರಿಯ ಕತೆ ಹೇಳಿದ: ಕರೆಂಟು, ಅಂಗೈ, ನಾಲಿಗೆ, ಕೊನೆಗೆ ‘ಮರ್ತೋಯ್ತು’. ಹೇಳುವಾಗ ದೀಪ ನೇರ ಮುಖದ ಮೇಲಿತ್ತು, ಅತ್ತಿತ್ತ ತಿರುಗಿಕೊಳ್ಳಲು ಜಾಗವಿರಲಿಲ್ಲ. ಕೈ ತೊಳೆದು ನಿಂತಿದ್ದ ಸರ್ಜನ್ ಡಾಕ್ಟರು, “ತೊಂಬತ್ನಾಲ್ಕು ಹಸು ಹಾಲು ಕುಡಿದು ಬಂದಿದ್ದಾರಾ? ಸಕ್ಕರೆ ಹಾಕಿದ್ರಾ ಕೇಳಿ” ಅಂದರು. ಯಾರೋ ಮುಸಿಮುಸಿ ನಕ್ಕರು.

ಸುನಿತಾ ನಗಲಿಲ್ಲ. “ಈಗ ಅರಿವಳಿಕೆ ಕೊಡಲ್ಲ ಸರ್” ಅಂದರು ಸರ್ಜನ್ನಿಗೆ. ಆಮೇಲೆ ಇವನ ಕಡೆ ಬಗ್ಗಿ, “ಯಾವಾಗ ನೆನಪಾಯ್ತು?”

“ಒರಗಡೆ ಮಲ್ಗಿದ್ದಾಗ.”

“ಹೊರಗಡೆನೇ? ಮತ್ತೆ ನಾನು ಕೇಳಿದಾಗ ನೀರು ಅಂದ್ರಲ್ಲ.”

ಅವನು ದೀಪದ ಕೆಳಗೆ ಕಣ್ಣು ಮುಚ್ಚಿಕೊಂಡ. ಅವರು ಮತ್ತೆ ಕೇಳದೆ ಪೆನ್ನು ತೆಗೆದುಕೊಂಡರು. ಹಾಳೆಯ ಮೇಲೆ ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದರು.

ಮಧ್ಯಾಹ್ನ ಬೇರೆಯವರ ಆಪರೇಷನ್‌ಗಳಿದ್ದವು. ಇವನದ್ದು ಮರುದಿನ ಬೆಳಿಗ್ಗೆ ಏಳೂವರೆಗೆ, ಮೊದಲನೆಯದಾಗಿ. ಗಾಲಿಮಂಚವನ್ನು ಬಂದ ದಾರಿಯಲ್ಲೇ ತಳ್ಳಿಕೊಂಡು ಬಂದರು. ಪಕ್ಕದ ಮಂಚದ ಮುದುಕ ಎದ್ದು ಕೂತು, “ಏನಪ್ಪ, ಇಷ್ಟ್ ಬೇಗ ಮುಗೀತಾ?” ಅಂದ.

ಸಣ್ಣತಾಯಮ್ಮ ಓಡಿ ಬಂದಳು. ಅವನ ಪಂಚೆ, ಚಪ್ಪಲಿ, ಕೈಚೀಲ ಎಲ್ಲ ಅವಳ ಮಡಿಲಿನಲ್ಲಿತ್ತು. “ಏನಾಯ್ತು? ಏನಂದ್ರು? ಕ್ಯಾನ್ಸರಾ?”

“ಅಲ್ಲ ಕಣೆ.” ಗೋಡೆ ನೋಡುತ್ತಾ ಹೇಳಿದ. “ಬೆಳಿಗ್ಗೆ ಡೇರೀಲಿ ಆಲು ನೋಡುದ್ನಲ್ಲ. ಅದೂ ಕುಡ್ದಂಗೇ ಅಂತೆ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚೀಲವನ್ನು ಮಂಚದ ಮೇಲೆ ಎಸೆದಳು. “ನಂಗೊಂದ್ ಲೋಟ ಕಾಫಿ ಕುಡ್ಯಕ್ ಬುಡ್ನಿಲ್ಲ! ನಿನ್ನೆ ರಾತ್ರಿಯಿಂದ ನಾನು ನೀರೂ ಮುಟ್ಟಿಲ್ಲ ಕಣಯ್ಯ. ನೀನು ಊರ್ ಆಲೆಲ್ಲ ಕುಡ್ದು ಬಂದು ಇಲ್ಲಿ ಉಪಾಸ ಅಂತ ಮಲ್ಗಿದ್ದೀಯ?”

ಮುದುಕ ಕೆಮ್ಮುವ ನೆಪದಲ್ಲಿ ನಕ್ಕ. ಆದರೆ ಸಿದ್ದಣ್ಣನಿಗೆ ಕೇಳಿಸಿದ್ದು ‘ನೀರೂ ಮುಟ್ಟಿಲ್ಲ’ ಎಂಬುದು ಮಾತ್ರ. ಬೆಳಿಗ್ಗೆ ಅವಳು ಹೇಳಿದ್ದಳು, ನೀನು ಉಣ್ಣುವವರೆಗೆ ನಾನೂ ಉಣ್ಣಲ್ಲ ಎಂದು. ಬಸ್ಸಿನಲ್ಲಿ, ಇಲ್ಲಿ, ಬಿಸಿಲಿನಲ್ಲಿ ಅವಳ ತುಟಿ ಒಣಗಿ ಸೀಳಿತ್ತು. ನೋಡಿಯೂ ನೋಡಿರಲಿಲ್ಲ. “ಓಗಿ ಏನಾರ ತಿನ್ನು” ಅಂದ. ಅವಳು ಹೋದದ್ದು ಮಾತಾಡಿ ಸುಸ್ತಾದ ಮೇಲೆಯೇ.

ಅವಳು ಕ್ಯಾಂಟೀನಿನಲ್ಲಿ ಇದ್ದಾಗ ಮಹದೇವುವಿನ ಫೋನು ಬಂದಿತ್ತು. ತಿರುಗಿ ಬಂದು ಹೇಳಿದಳು: “ಬಿ.ಪಿ. ಜಾಸ್ತಿ ಆಗಿತ್ತು, ನಾಳೀಕೆ ಮುಂದಕ್ಕಾಕವ್ರೆ ಅಂತ ಯೋಳಿವ್ನಿ. ನೀನೂ ಅಂಗೇ ಅನ್ನು.”

“ಅದ್ಯಾಕ್ ಯೋಳ್ದೆ?”

“ಇನ್ನೇನ್ ಯೋಳ್ಳಿ? ಟೆಸ್ಟರ್ ಸಿದ್ದಣ್ಣ ಆಲು ಕುಡ್ದು ಸಿಗಾಕ್ಕೊಂಡ ಅನ್ಲಾ? ತಲೆ ಎತ್ಕೊಂಡ್ ತಿರ್ಗಕ್ಕಾದದಾ ಊರಲ್ಲಿ?”

ಸುಳ್ಳೆಂದು ಅವಳನ್ನು ಬೈಯಬೇಕಿತ್ತು. ಬೈಯಲಿಲ್ಲ. ಬಿ.ಪಿ. ಎಂಬ ಆ ಎರಡಕ್ಷರ ಅವನಿಗೆ ಹಿತವಾಗಿಯೇ ಇತ್ತು. ಮಧ್ಯಾಹ್ನ ಬೇಳೆಸಾರು ಅನ್ನ ತಿಂದು, ಬಿ.ಪಿ. ಇರುವವನಂತೆಯೇ ಕಣ್ಣು ಮುಚ್ಚಿ ಮಲಗಿದ.

ಸಂಜೆ ಆರೂವರೆಗೆ ಮಹದೇವು ಮತ್ತೆ ಫೋನು ಮಾಡಿದ. “ಎಂಗದೆ ಅಣ್ಣ ಬಿ.ಪಿ.? ಊರೋರೆಲ್ಲ ಕೇಳ್ತಾವ್ರೆ. ಬೆಳಿಗ್ಗೆ ಅಂಗ್ ಬಂದು ನಿಂತು ದುಡ್ದಿದ್ಕೇ ಏರೈತೆ, ಡೇರಿಗೋಸ್ಕರ ಜೀವ ತೇಯ್ತಾನೆ ಅಂತಾವ್ರೆ.”

ಸಿದ್ದಣ್ಣ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. “ಸಂಜೆ ಆಲು ಎಂಗ್ ಬಂತು?”

“ಚೆನ್ನಾಗ್ ಬಂತು. ದೇವಿರಮ್ಮ ಒಬ್ಳು ಬರ್ನಿಲ್ಲ. ಇನ್ಮೇಲೆ ಡೇರಿ ಕಡೀಕೇ ಬರಲ್ಲ, ಓಟ್ಲಿಗೆ ಕೊಟ್ಕೋತೀನಿ ಅಂದ್ಳಂತೆ. ಅವ್ಳ ಮಗ್ಳೇ ಕ್ಯಾನ್ ತೊಳ್ದು ನೀರ್ ಬುಟ್ಟಿದ್ಲಂತೆ, ಆ ಮಗೀಗ್ ನಾಕ್ ಏಟು ಬುಟ್ಟವ್ಳೆ. ಓಗ್ಲಿ ಬುಡು, ಎರಡ್ ಲೀಟ್ರು.”

ಸಿದ್ದಣ್ಣ ಎದ್ದು ಕೂತ. ಸಣ್ಣತಾಯಮ್ಮ ಕಿತ್ತಳೆ ಸುಲಿಯುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು.

“ಮಹದೇವು, ಬಿ.ಪಿ. ಅಲ್ಲ ಕಣ್ಲಾ.”

“ಮತ್ತೆ?”

ಹೇಳಿದ. ಮೊದಲಿನಿಂದ ಕೊನೆಯವರೆಗೆ, ಇನ್ನೂರ ಮೂವತ್ತೈದು ಮಿಲಿಲೀಟರ್ ಸೇರಿಸಿ. ಆ ಕಡೆ ನಗು ಶುರುವಾಯಿತು. ತಡೆಯಲು ನೋಡಿ, ತಡೆಯಲಾರದೆ, ಮಹದೇವು ಕ್ಯಾನಿಗೆ ಒರಗಿಕೊಂಡು ನಗುತ್ತಿರುವುದು ಇಲ್ಲಿಗೆ ಕಾಣಿಸುವಂತಿತ್ತು. “ಅಯ್ಯೋ ಅಣ್ಣ… ನಾನೇ ಅಲ್ವಾ ಪಕ್ಕದಲ್ಲಿದ್ದಿದ್ದು… ನಂಗೂ ಒಳೀನಿಲ್ಲ ಕಣಣ್ಣ!”

“ನಕ್ಕಿದ್ದಾಯ್ತಾ? ಈಗ ಕೇಳು. ನಾಳೆ ಬೆಳಿಗ್ಗೆ ಕ್ಯೂನಲ್ಲಿ ಇದ್ನ ಯೋಳು. ಎಲ್ರೂ ಇರೋ ಒತ್ನಲ್ಲಿ. ಸಿದ್ದಣ್ಣನೂ ಆಸ್ಪತ್ರೇಲಿ ಮರ್ತೋಯ್ತು ಅಂದ ಅಂತ್ಲೂ ಯೋಳು. ಅದುಕ್ ಮುಂಚೆ ದೇವಿರಮ್ಮನ ಮನೆಗ್ ಓಗಿ ಕರ್ಕೊಂಡ್ ಬಾ.”

“ಬತ್ತಾಳಾ?”

“ನಾನು ಕರುದ್ರೆ ಬರಲ್ಲ. ನೀನ್ ಕರಿ.”

“ನಗ್ತಾರೆ ಕಣಣ್ಣ. ಸಾಯೋಗಂಟ ಆಡ್ಕೋತಾರೆ. ನೀನೇ ಬಂದ್ ಮೇಲೆ ನಿಧಾನಕ್ ಯೋಳ್ಬೋದಲ್ಲ?”

ಸಿದ್ದಣ್ಣ ಹೆಂಡತಿಯ ಕಡೆ ನೋಡಲಿಲ್ಲ. “ನನ್ನೆದ್ರುಗೆ ಬೇಡ ಕಣ್ಲಾ. ನನ್ ಕೈಲಾಗಲ್ಲ. ನಾಳೆ ಆಲು ಕೊಟ್ಟೋರ್ನೂ ಏಳೂವರೆಗಂಟ ನಿಲ್ಲುಸ್ಕೊಂಡು ಆಗ್ಲೇ ಯೋಳ್ಬುಡು. ಆಗ ನಂಗೆ ಗ್ಯಾನ ಇರಲ್ಲ.”

ಫೋನಿಟ್ಟ. ಸಣ್ಣತಾಯಮ್ಮ ಒಂದು ತೊಳೆ ಕಿತ್ತಳೆ ಅವನ ಕೈಗಿಟ್ಟಳು. “ಎಷ್ಟೊತ್ಗೆ ತಿನ್ನೋದ್ ನಿಲ್ಲುಸ್ಬೇಕು ಇವತ್ತು?” ಅಂದಳು. ಅಷ್ಟೇ.

ಶುಕ್ರವಾರ ಬೆಳಿಗ್ಗೆ ಅದೇ ಹಸಿರು ಅಂಗಿ, ಅದೇ ಚಳಿಯ ಕೊಠಡಿ. ಸುನಿತಾ ಹೊಸ ಹಾಳೆ ಹಿಡಿದು ಬಂದರು. ಇವತ್ತು ಅವರು ತಿಂದಿರಾ ಕುಡಿದಿರಾ ಎಂದು ಕೇಳಲಿಲ್ಲ.

“ನಿನ್ನೆ ರಾತ್ರಿ ಊಟದಿಂದ ಇಲ್ಲಿವರೆಗೆ ಏನೇನು ಮಾಡಿದ್ರಿ, ಸಾಲಾಗಿ ಹೇಳಿ.”

ಅವನು ಹೇಳಿದ. ಎಂಟಕ್ಕೆ ಎರಡು ಚಪಾತಿ, ಪಲ್ಯ. ಅದಕ್ಕೆ ಮುಂಚೆ ಕಿತ್ತಳೆ, ಐದು ತೊಳೆ. ಬೆಳಿಗ್ಗೆ ಐದಕ್ಕೆ ಎದ್ದು ಹಲ್ಲುಜ್ಜಿ ಬಾಯಿ ಮುಕ್ಕಳಿಸಿ ಉಗಿದದ್ದು. ಐದೂಕಾಲಿಗೆ ಒಂದು ಲೋಟ ನೀರು. ಮಾತ್ರೆ ಇಲ್ಲ. ಎಲೆಯಡಿಕೆ ಇಲ್ಲ. ಮುಖ ತೊಳೆಯುವಾಗ ಒಂದಿಷ್ಟು ನೀರು ಬಾಯಿಗೆ ಹೋಗಿದ್ದಿರಬಹುದು, ಎಷ್ಟೆಂದು ಗೊತ್ತಿಲ್ಲ. ಕೇಳುತ್ತಾ ನಿಂತಿದ್ದ ಸರ್ಜನ್ ಡಾಕ್ಟರು ಇವತ್ತು ತಮಾಷೆ ಮಾಡಲಿಲ್ಲ. ಸುನಿತಾ ಒಂದೊಂದನ್ನೂ ಬರೆದುಕೊಂಡರು.

“ಸರಿ ಇದೆ. ಗಡಿಯಾರ ಯಾಕೆ ಇಷ್ಟು ಸಲ ನೋಡ್ತಿದ್ದೀರಿ? ಭಯನಾ?”

“ಭಯ ಅಲ್ಲ ಮೇಡಂ.” ಗೋಡೆಯ ಗಡಿಯಾರ ಏಳೂ ಮೂವತ್ತೆರಡು ತೋರಿಸುತ್ತಿತ್ತು. “ನಾಚ್ಕೆ.”

ಅವರು ಅವನ ಮುಖದ ಮೇಲೆ ಮಾಸ್ಕ್ ಇಟ್ಟು, ನಿಧಾನವಾಗಿ ಉಸಿರಾಡಿ ಅಂದರು. ಊರಿನಲ್ಲಿ ನಗುವ ಹೊತ್ತಿಗೆ ತನಗೆ ಕೇಳಿಸುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ಅಲ್ಲಿ ಮಹದೇವು ಬಾಯಿ ತೆರೆದಿರಬೇಕು, ಕ್ಯೂ ಹೋ ಎಂದಿರಬೇಕು. ಆ ನಗುವಿನ ನಡುವೆ ದೇವಿರಮ್ಮ ಇದ್ದಾಳೋ ಇಲ್ಲವೋ, ಇದ್ದರೆ ಅವಳೂ ನಗುತ್ತಿದ್ದಾಳೋ ಎಂದು ತಿಳಿಯಲು ಕಿವಿಗೊಟ್ಟ. ಎರಡನೆಯ ಉಸಿರಿಗೂ ಕಿವಿಗೊಟ್ಟಿದ್ದ. ಮೂರನೆಯದು ಅವನಿಗೆ ಗೊತ್ತಿಲ್ಲ.